ಬಳಗದಲ್ಲಿ ನಾನು ಹಿಡಿದ ಕಳ್ಳರು

ತನ್ನ ಮಜ್ಜಿಗೆ ಹುಳಿ ಎಂದು ಯಾರೂ ಹೇಳುವುದಿಲ್ಲ. ಇಂಟರ್ನೆಟ್ ಬಂದ ಮೇಲೆ ಕೆಲವರು ಮಜ್ಜಿಗೆ ತಮ್ಮದೆಂದೇ ಹೇಳುವುದಿಲ್ಲ.

ಸೈಬರ್ ಅಂಗಡಿಗಳ ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರೆಲ್ಲ ಸೇರಿ ಒಂದು ಇ-ಮೇಲ್ ಬಳಗ ಮಾಡಿಕೊಂಡಿದ್ದೆವು. ಒಬ್ಬರು ಬರೆದರೆ ಊರಿನವರಿಗೂ ಗಲ್ಫಿನವರಿಗೂ ತಲುಪುತ್ತಿತ್ತು. ಹೈಸ್ಕೂಲು ಮೇಷ್ಟ್ರೆಂದು ಅದರ ಉಸ್ತುವಾರಿ ನನಗೆ ಕೊಟ್ಟರು. ಇಡೀ ಕ್ಲಾಸಿನೆದುರು ತಪ್ಪು ತಿದ್ದಿ ಅಭ್ಯಾಸವಾದ ಮನುಷ್ಯ ನಾನು. ಅಲ್ಲೇ ಎಡವಟ್ಟಾಯಿತು.

೧. ಮಾವನ ಹಾಲ್

ದುಬೈಯ ಸದಸ್ಯರೊಬ್ಬರು ಬಂಟ್ವಾಳದ ಕಡೆಯ ಹೊಸ ಮದುವೆ ಹಾಲೊಂದನ್ನು ಹೊಗಳಿ ಬರೆದರು. ನಾನು ಎಲ್ಲರಿಗೂ ಕಾಣುವಂತೆ ಉತ್ತರಿಸಿದೆ: ‘ಅದು ನಿಮ್ಮ ಮಾವನದ್ದು ಎಂದು ಬರೆಯಲು ಮರೆತಿದ್ದೀರಿ.’ ಬಳಗದಲ್ಲಿ ಎರಡು ದಿನ ನಗುವೋ ನಗು. ಮೂರನೇ ದಿನ ಅವರ ಫೋನ್.

“ನನಗೊಬ್ಬನಿಗೆ ಹೇಳಬಹುದಿತ್ತು ಮಾಸ್ಟ್ರೆ. ಈಗ ಮಾವ ಮಾತು ಬಿಟ್ಟಿದ್ದಾರೆ.”

“ಜಾಹೀರಾತು ಮಾಡಿದ್ದಕ್ಕಾ?”

“ಅಲ್ಲ ಮಾರಾಯ್ರೆ. ‘ನನ್ನ ಹೆಸರು ಹೇಳ್ಲಿಕ್ಕೆ ಅಳಿಯನಿಗೆ ನಾಚಿಕೆಯಾ’ ಅಂತ ಅತ್ತೆಯ ಹತ್ರ ಕೇಳಿದ್ರಂತೆ.”

೨. ನನ್ನದೇ ಮಜ್ಜಿಗೆ

ನನ್ನ ಹೆಂಡತಿ ಮನೆಯಲ್ಲಿ ಗಣಿತದ ಟ್ಯೂಷನ್ ಶುರು ಮಾಡಿದಾಗ, ಯಾರೋ ಹೇಳಿದ್ದನ್ನು ಕೇಳಿದವನ ಹಾಗೆ ಅದನ್ನು ಬಳಗದಲ್ಲಿ ಹೊಗಳಿದವನು ನಾನೇ. ಮರುದಿನ ಅದೇ ದುಬೈಯವರು ನನಗೊಬ್ಬನಿಗೇ ಬರೆದರು: ‘ಟ್ಯೂಷನ್ ನಿಮ್ಮ ಚಾವಡಿಯಲ್ಲೇ ಅಂತ ಗೊತ್ತುಂಟು ಮಾಸ್ಟ್ರೆ. ಯಾರಿಗೂ ಹೇಳುವುದಿಲ್ಲ. ಅಕ್ಕನಿಗೆ ಸಲಾಂ ಹೇಳಿ.’

ನಾಚಿಕೆಯಾಯಿತು. ನಾಚಿಕೆಯಿಂದ ಬುದ್ಧಿ ಬರುತ್ತದೆಂದು ಮಕ್ಕಳಿಗೆ ಇಷ್ಟು ವರ್ಷ ಹೇಳಿದ್ದು ಮಾತ್ರ ಸುಳ್ಳು.

೩. ಹೆಸರು ಮೂರು

ಅಳದಂಗಡಿಯ ಅಕ್ಕ ಒಬ್ಬರು ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದರು. ಗಲ್ಫಿಗೆ ಹೊರಟವರು ಕೊಂಡುಹೋಗುವ ಹಪ್ಪಳದಿಂದಲೇ ಅವರ ಸಂಸಾರ ನಡೆಯುತ್ತಿತ್ತು. ಒಂದೇ ವಾರದಲ್ಲಿ ಮೂವರು ಆ ಹಪ್ಪಳವನ್ನು ಹೊಗಳಿ ಬರೆದರು. ಮೂರರಲ್ಲೂ ಕೊನೆಯ ವಾಕ್ಯ ಒಂದೇ: ‘ಬಾಯಲ್ಲಿಟ್ಟರೆ ಊರೇ ನೆನಪಾಗುತ್ತದೆ.’

ನಾನು ಎಲ್ಲರಿಗೂ ಬರೆದೆ: ‘ಹೆಸರು ಮೂರು, ಕೈ ಒಂದೇ. ಸಾಕು ಅಕ್ಕ.’ ಅವರ ಗಿರಾಕಿಗಳು ಬರುವುದೇ ನಿಂತುಹೋಯಿತು.

ತಿಂಗಳು ಕಳೆದು ಬೆಳ್ತಂಗಡಿಯ ಒಂದು ಸೈಬರ್‌ಗೆ ಹೋದೆ. ಟೈಪ್ ಮಾಡಲು ಬಾರದವರದ್ದನ್ನೆಲ್ಲ ಅಂಗಡಿಯವನೇ ಬರೆದು ಕಳಿಸುತ್ತಿದ್ದ. ಮುಂಡಾಜೆಯ ಅಜ್ಜನೊಬ್ಬರು ಮುಂಬೈಯ ಮಗನಿಗೆ ಹೊಸ ಬಾವಿಯ ನೀರಿನ ಸುದ್ದಿ ಬರೆಸಿ ಮುಗಿಸಿದರು. ಅಂಗಡಿಯವ ತಾನಾಗಿ ಸೇರಿಸಿದ: ‘ಬಾಯಲ್ಲಿಟ್ಟರೆ ಊರೇ ನೆನಪಾಗುತ್ತದೆ.’

“ಹಪ್ಪಳದ್ದೂ ನೀನಾ ಬರೆದದ್ದು?”

“ಹೌದು ಸರ್. ಮೂವರೂ ಬಂದು ಬರೆಸಿದ್ದು. ಹೊಗಳ್ಲಿಕ್ಕೆ ನನ್ನ ಹತ್ರ ಅದೊಂದೇ ವಾಕ್ಯ ಉಂಟು.”

ಅಲ್ಲೇ ಕೂತು ಬಳಗದ ಕ್ಷಮೆ ಕೇಳಿದೆ. ಹಪ್ಪಳ ಒಳ್ಳೆಯದೆಂದೂ ಬರೆದೆ. ಮೊದಲು ಬಂದ ಉತ್ತರ: ‘ಅಕ್ಕ ನಿಮಗೆ ಏನಾಗಬೇಕು ಮಾಸ್ಟ್ರೆ?’ ಗಿರಾಕಿಗಳು ಮರಳಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಕೊನೆಗೆ ಅಕ್ಕನ ಮನೆಗೇ ಹೋದೆ. ಅವರು ಬೈಯಲಿಲ್ಲ. ಎರಡು ಹಪ್ಪಳ ಕಾಯಿಸಿ ತಂದು ಮುಂದಿಟ್ಟರು.

“ತಿನ್ನಿ ಮಾಸ್ಟ್ರೆ. ರುಚಿ ಉಂಟೋ ಇಲ್ವೋ, ನನ್ನ ಹತ್ರವೇ ಹೇಳಿ. ದಮ್ಮಯ್ಯ, ಎಲ್ಲಿಯೂ ಬರೀಬೇಡಿ.”