ಇಟಲಿಯ ಯಂತ್ರಕ್ಕೆ ತಳೇಗಾಂವದ ಸಾಮಾನು

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ತಪ್ಪು ಮಾಡುವುದು ಬಹಳ ಕಡಿಮೆ. ಇದು ಜಂಬವಲ್ಲ, ವೃತ್ತಿ. ಪುಣೆಯ ಹತ್ತಿರ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಕೂತು, ಬೇರೆಯವರ ತಪ್ಪು ಕೂದಲೆಳೆಯಷ್ಟಿದ್ದರೂ ಹಿಡಿದು, ಅದಕ್ಕೆ ಕೆಂಪು ಬಣ್ಣ ಬಳಿದು ಬದಿಗಿಡುವುದೇ ನನ್ನ ಕೆಲಸವಾಗಿತ್ತು. ಹೀಗೆ ಕಣ್ಣು ಸದಾ ಹೊರಗಡೆಯೇ ಇರುವವನಿಗೆ ತನ್ನ ತಪ್ಪು ಕಾಣಿಸಲು ಪುರಸೊತ್ತಾದರೂ ಎಲ್ಲಿ? ಮನೆಯಲ್ಲೂ ಇದೇ ಅಭ್ಯಾಸ. ಮಂಡಯಿಗೆ, ಅಂದರೆ ಕಾಯಿಪಲ್ಯದ ಪೇಟೆಗೆ ಹೋದಾಗ ಬದನೆಕಾಯಿಗಳನ್ನೆಲ್ಲ ಒಂದೇ ಗಾತ್ರದವು ಬೇಕೆಂದು ಆರಿಸಿ ಸಾಲಾಗಿ ಜೋಡಿಸುತ್ತಿದ್ದೆ. ಮಾರುವವಳು ಸೊಂಟದ ಮೇಲೆ ಕೈಯಿಟ್ಟು, ತಾವು ಬದನೆಕಾಯಿ ಕೊಳ್ಳಲು ಬಂದಿದ್ದೀರೋ ಹೆಣ್ಣು ನೋಡಲು ಬಂದಿದ್ದೀರೋ ಎಂದು ಮರಾಠಿಯಲ್ಲಿ ಕೇಳಿದಳು. ಆಮೇಲೆ ನನ್ನ ಹೆಂಡತಿ ಸುಮಿತ್ರಾ ನನ್ನನ್ನು ಮಂಡಯಿಗೆ ಕರೆದೊಯ್ಯುವುದನ್ನೇ ಬಿಟ್ಟಳು.

ಸುಮಿತ್ರಾ ಮೈಸೂರಿನವಳು. ಅವಳ ತಂದೆಗೆ ರೈಲ್ವೆಯಲ್ಲಿ ಕೆಲಸ, ಹುಬ್ಬಳ್ಳಿಗೆ ವರ್ಗವಾಗಿ ಬಂದಿದ್ದರು. ನಮ್ಮ ಸಂಬಂಧ ಕುದುರಿದ್ದು ಹಾಗೆ. ನಮ್ಮದು ಬಾಗಲಕೋಟೆ ಕಡೆಯ ಅಪ್ಪಟ ಚಹಾದ ಮನೆತನ. ನಮ್ಮಲ್ಲಿ ಕಾಫಿ ಎಂದರೆ ಜ್ವರ ಬಂದಾಗ ಶುಂಠಿ ಹಾಕಿ ಕುಡಿಯುವ ಕಷಾಯದ ಅಣ್ಣ. ಮದುವೆಯಾಗಿ ಪುಣೆಗೆ ಬಂದಮೇಲೆ ಅವಳು ದಿನಾ ಬೆಳಿಗ್ಗೆ ನನಗೆ ಚಹಾ ಕುದಿಸಿ ಕೊಟ್ಟು, ತನಗೊಬ್ಬಳಿಗೇ ಡಿಕಾಕ್ಷನ್ ಇಳಿಸಿಕೊಂಡು ಅಡಿಗೆಮನೆಯಲ್ಲಿ ನಿಂತೇ ಕುಡಿಯುತ್ತಿದ್ದಳು. ನನಗೆ ಅದರಲ್ಲಿ ಕೊರತೆ ಏನೂ ಕಂಡಿರಲಿಲ್ಲ. ಹೀಗಿರುವಾಗ ಅವಳ ತಂಗಿ ವನಜ ಮೈಸೂರಿನಿಂದ ನಾಲ್ಕು ದಿನ ಇರಲು ಬಂದಳು. ಊಟದ ಹೊತ್ತಿನಲ್ಲಿ ಅದೇನು ಮಾತು ಬಂತೋ, ಸುಮಿತ್ರಾ ನಗುತ್ತಲೇ, "ಇಪ್ಪತ್ತೆರಡು ವರ್ಷ ಆಯ್ತು ಕಣೇ, ನಿಮ್ಮ ಭಾವ ಒಂದೇ ಒಂದು ಲೋಟ ಕಾಫಿ ಮಾಡಿ ನನ್ನ ಕೈಗೆ ಕೊಟ್ಟಿದ್ದಿಲ್ಲ" ಎಂದುಬಿಟ್ಟಳು. ನಗುತ್ತಾ ಹೇಳಿದ ಮಾತು, ಆದರೂ ನನಗೆ ಚುರ್ ಎಂದಿತು. ನಾದಿನಿಯ ಎದುರು ಮರ್ಯಾದೆಯ ಪ್ರಶ್ನೆ ಬೇರೆ. ಅನ್ನದ ಕೈಯಲ್ಲೇ ಘೋಷಣೆ ಮಾಡಿದೆ: "ಕೊಡ್ತೀನಿ! ನಿಮ್ಮ ಮೈಸೂರಾಗೂ ಯಾರೂ ಕುಡಿದಿರಬಾರ್ದು, ಅಂಥಾ ಕಾಫಿ ಮಾಡಿಕೊಡ್ತೀನಿ. ನಾ ಮಾತು ಕೊಟ್ಟೆ ಅಂದ್ರ ಮುಗೀತು." ವನಜ, "ಬೀಜ ನಾನು ಕಳಿಸ್ತೀನಿ ಭಾವ, ಆಯ್ತೋ ಇಲ್ವೋ ಅಂತ ವಾರ ವಾರ ಫೋನ್ ಮಾಡಿ ಕೇಳ್ತೀನಿ" ಎಂದು ಹೆದರಿಸಿ ಹೋದಳು.

ಮಾತು ಕೊಡುವಾಗ ನನ್ನ ಬೆನ್ನ ಹಿಂದೆ ಒಂದು ಧೈರ್ಯವಿತ್ತು. ಹೊಸ ಯಂತ್ರಗಳನ್ನು ಕೂಡಿಸಲು ಇಟಲಿಯಿಂದ ಬಂದಿದ್ದ ಇಂಜಿನಿಯರೊಬ್ಬ ಎರಡು ವರ್ಷ ನಮ್ಮ ಜೊತೆಗಿದ್ದು ಅದೇ ತಿಂಗಳು ಊರಿಗೆ ಹೊರಟಿದ್ದ. ತನ್ನ ಮನೆಯ ಎಸ್‌ಪ್ರೆಸೊ ಯಂತ್ರವನ್ನೂ ಬೀಜ ಬೀಸುವ ಗ್ರೈಂಡರನ್ನೂ ಯಾರಿಗಾದರೂ ಕೊಟ್ಟುಹೋಗಬೇಕೆಂದಿದ್ದ. ನಾನು ಎರಡನ್ನೂ ಮನೆಗೆ ತಂದೆ. ಯಂತ್ರ ನಮ್ಮ ಅಡಿಗೆಕಟ್ಟೆಯ ಅರ್ಧ ಜಾಗ ಹಿಡಿಯಿತು. ಸುಮಿತ್ರಾ ಮಿಕ್ಸರನ್ನು ನೆಲಕ್ಕಿಳಿಸಿ, ವನಜ ಕಳಿಸಿದ್ದ ಬೀಜದ ಡಬ್ಬಿ ತಂದಿಟ್ಟಳು. ಆದರೆ ಆ ಪುಣ್ಯಾತ್ಮ ಯಂತ್ರದ ಚಿಲ್ಲರೆ ಸಾಮಾನನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿಬಿಟ್ಟಿದ್ದ. ಏನೇನು ಬೇಕೆಂದು ಒಂದು ಚೀಟಿ ಬರೆದುಕೊಟ್ಟ: ಪುಡಿ ಒತ್ತುವ ಗುಂಡು, ಹಾಲು ಉಕ್ಕಿಸುವ ಕೊಕ್ಕಿನ ಜಗ್ಗು, ಹಿಂಡಿದ ಚರಟ ಕುಟ್ಟಿ ಬೀಳಿಸುವ ಡಬ್ಬ, ಗ್ರಾಮು ತೂಗುವ ತಕ್ಕಡಿ, ಥರ್ಮಾಮೀಟರು, ಬ್ರಷ್ಷು. ನಾನು ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಸುಮಿತ್ರಾಗೆ ತಿಳಿಸಿ ಹೇಳಿದೆ: "ನೋಡು, ಎಲ್ಲಾ ಸಾಮಾನು ಬಂದು, ನಾ ಪರೀಕ್ಷಾ ಮಾಡಿ, ಪಾಸ್ ಆದಮ್ಯಾಲೆ ಕಾಫಿ. ಅರ್ಧಮರ್ಧ ಮಾಲು ನಮ್ಮ ಡಿಪಾರ್ಟ್‌ಮೆಂಟಿನಿಂದ ಹೊರಗ ಹೋಗೂದಿಲ್ಲ." ಅವಳು, "ಎಷ್ಟು ದಿನ ಆಗತ್ತೆ ರೀ?" ಎಂದಳು. ಎರಡು ವಾರ ಎಂದೆ. ಆಗಿದ್ದು ಐದು ತಿಂಗಳು.

ಮೊದಲು ಪುಡಿ ಒತ್ತುವ ಗುಂಡು. ಪೇಟೆಯಲ್ಲಿ ಇದನ್ನು ಯಾರೂ ಕಂಡವರಿರಲಿಲ್ಲ. ಕಾಣದಿದ್ದರೇನು, ಲೋಹ ಕಡೆಯುವ ಲೇಥು ಎಂಬುದು ಇರುವುದೇಕೆ? ಪುಡಿ ತುಂಬುವ ತೂತಿನ ಬಟ್ಟಲನ್ನು ಮನೆಯಿಂದ ಕಾರ್ಖಾನೆಗೆ ಒಯ್ದು, ವರ್ನಿಯರ್ ಹಿಡಿದು ಎಂಟು ಕಡೆ ಅಳೆದು, ನಕ್ಷೆ ಬರೆದು, ನಮ್ಮ ಟರ್ನರ್ ಬಿರಾದಾರನ ಕೈಗೆ ಕೊಟ್ಟೆ. ಅವನು ಆಳಂದ ಕಡೆಯವನು, ಕೈ ಬಂಗಾರ, ಬಾಯಿ ಮಾತ್ರ ಸುಮ್ಮನಿರದು. ನಕ್ಷೆ ತಿರುಗಿಸಿ ಮುರುಗಿಸಿ ನೋಡಿ, "ಸಾಹೇಬ್ರ, ಇಷ್ಟು ಬಿಗಿ ಯಾಕ್ರಿ? ಜರಾ ಸಡ್ಲ ಇರ್ಲಿ. ಗಾಳಿ ಹೋಗಾಕ ಹಾದಿ ಬೇಕಲ್ರಿ" ಎಂದ. ಸಡಿಲ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. "ಬಿರಾದಾರ, ನಕ್ಷಾದಾಗ ಇದ್ದಂಗ ಮಾಡು" ಎಂದೆ. ಅವನು ಮಾಡಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ ಗುಂಡು ಬಟ್ಟಲಿನೊಳಗೆ ನಿಧಾನವಾಗಿ, ಘನತೆಯಿಂದ ಇಳಿಯಿತು. ಇಳಿದದ್ದು ಹೊರಗೆ ಬರಲಿಲ್ಲ. ನಾನು ಎಳೆದೆ, ಬಿರಾದಾರ ಎಳೆದ, ವೆಲ್ಡಿಂಗಿನ ಇಬ್ಬರು ಬಂದು ಆ ಕಡೆಯಿಂದೊಬ್ಬ ಈ ಕಡೆಯಿಂದೊಬ್ಬ ಎಳೆದರು. ಕೊನೆಗೆ ಬಿರಾದಾರ ಬಟ್ಟಲಿನ ತಳದ ತೂತುಗಳಿಗೆ ಕಂಪ್ರೆಸರಿನ ಗಾಳಿ ಬಿಟ್ಟ. ಗುಂಡು ಢಮ್ಮನೆ ಹಾರಿ, ಗೋಡೆಗೆ ತೂಗುಹಾಕಿದ್ದ ಸುರಕ್ಷತೆಯ ಬೋರ್ಡಿಗೆ ಬಡಿದು ನೆಗ್ಗು ಮಾಡಿತು. ಅವನು ಅದನ್ನು ಹೆಕ್ಕಿ ತಂದು ಬಹಳ ಗೌರವದಿಂದಲೇ, "ಅಳತಿ ಒಳಗ ಏನೂ ತಪ್ಪಿಲ್ರಿ ಸಾಹೇಬ್ರ" ಎಂದ. ಅದನ್ನು ನಾನೂ ಒಪ್ಪಿದೆ. ಎರಡನೆಯ ಗುಂಡಿಗೆ ಒಂದೂವರೆ ತಿಂಗಳು ಹಿಡಿಯಿತು. ಹೊಸ ನಕ್ಷೆ ಬರೆಯಲು ನನ್ನ ಮನಸ್ಸು ಅಷ್ಟು ಬೇಗ ಒಪ್ಪಲಿಲ್ಲ ನೋಡಿ.

ಹಾಲಿನ ಜಗ್ಗಿನ ಕತೆ ಬೇರೆ. ಗುರುವಾರ ನಮಗೆ ವಾರದ ರಜೆ. ಪುಣೆಯ ರವಿವಾರ ಪೇಠೆ ಎಂಬ ಪೇಟೆಯ ಪಾತ್ರೆ ಅಂಗಡಿಗಳನ್ನು ಮೂರು ಗುರುವಾರ ಸುತ್ತಿದೆ. ಕೊಕ್ಕು ಸರಿಯಿದ್ದರೆ ಹೊಟ್ಟೆ ದಪ್ಪ, ಹೊಟ್ಟೆ ಸರಿಯಿದ್ದರೆ ಹಿಡಿಕೆ ವಾರೆ. ಒಂದು ಅಂಗಡಿಯಲ್ಲಿ ಹನ್ನೊಂದು ಜಗ್ಗುಗಳನ್ನು ಇಳಿಸಿ, ಜೇಬಿನಿಂದ ವರ್ನಿಯರ್ ತೆಗೆದೆ. ಅಂಗಡಿಯ ಅಜ್ಜ ಪೇಪರಿನಿಂದ ತಲೆ ಎತ್ತಿ, "ಕಾಯ್ ಪಾಹಿಜೇ ತೇ ಘರೀ ಠರವೂನ್ ಯಾ" ಎಂದ. ಏನು ಬೇಕೆಂದು ಮನೆಯಲ್ಲೇ ತೀರ್ಮಾನ ಮಾಡಿ ಬನ್ನಿ ಎಂದರ್ಥ. ಅಷ್ಟು ಹೇಳಿ, ಮಧ್ಯಾಹ್ನ ಒಂದಾಯಿತು, ಪುಣೆಯ ಅಂಗಡಿಗಳು ನಿದ್ದೆ ಮಾಡುವ ಹೊತ್ತೆಂದು ಬಾಗಿಲ ಅರ್ಧ ಶಟರು ಎಳೆದ. ನಾನು ಬಗ್ಗಿ ಹೊರಗೆ ಬಂದೆ. ಬಗ್ಗಿದೆನೇ ಹೊರತು ಸೋಲಲಿಲ್ಲ. ಮುಂದಿನ ವಾರ ಅದೇ ಅಂಗಡಿಯಲ್ಲಿ ಮೂರು ಜಗ್ಗು ತೆಗೆದುಕೊಂಡೆ, ಮನೆಯಲ್ಲಿ ನೀರು ಸುರಿದು ಯಾವುದು ಉತ್ತಮವೆಂದು ನೋಡೋಣವೆಂದು. ನೋಡಿದೆ. ಮೂರೂ ಸೋರಿದವು.

ಅಕ್ಕಸಾಲಿಗರು ಬಳಸುವಂಥ ತಕ್ಕಡಿ ತಂದಮೇಲೆ ಒಂದು ವಿಚಿತ್ರ ಬೆಳಕಿಗೆ ಬಂತು. ವನಜ ಕಳಿಸಿದ ಬೀಜದ ಡಬ್ಬಿಯನ್ನು ಪ್ರತಿ ಗುರುವಾರ ತೂಗಿ ಚೀಟಿಯ ಹಿಂದೆ ಬರೆಯುತ್ತಿದ್ದೆ. ವಾರ ವಾರ ತೂಕ ಇಳಿಯುತ್ತಿತ್ತು, ಅದೂ ಸ್ವಲ್ಪವಲ್ಲ. ನಾನು ಒಂದು ದಿನ ಪೂರ್ತಿ ಯೋಚಿಸಿ ಕಾರಣ ಕಂಡುಹಿಡಿದು ಸುಮಿತ್ರಾಳನ್ನು ಕರೆದು ಕೂರಿಸಿಕೊಂಡೆ. ಪುಣೆಯ ಹವೆ ಒಣ ಹವೆ, ಬೀಜದೊಳಗಿನ ತೇವ ಹಾರಿಹೋಗುತ್ತದೆ, ಆದ್ದರಿಂದ ತೂಕ ಇಳಿಯುತ್ತದೆ ಎಂದು ವಿವರಿಸಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿ, "ಹೌದಾ ರೀ! ಹಾಗಾದ್ರೆ ವನಜಂಗೆ ಇನ್ನೊಂದು ಕೇಜಿ ಕಳಿಸೋಕೆ ಹೇಳ್ಲಾ?" ಎಂದಳು. ಹೇಳು ಎಂದೆ. ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಅವಳು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು, ನನಗೆ ಬಹಳ ಸಂತೋಷವಾಯಿತು.

ಹೀಗೆ ನಾಲ್ಕನೆಯ ಜಗ್ಗು ಪಾಸಾಗಿ, ಮಿಕ್ಕ ಸಾಮಾನೂ ಕೂಡಿ, ಚೀಟಿಯಲ್ಲಿ ಬ್ರಷ್ಷೊಂದೇ ಉಳಿದಿರುವಾಗ ಒಂದು ಮಂಗಳವಾರ ಕಾರ್ಖಾನೆಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಎಲ್ಲರನ್ನೂ ಬೇಗ ಮನೆಗೆ ಬಿಟ್ಟರು. ಹನ್ನೊಂದು ಗಂಟೆಗೆ ಮನೆಗೆ ಬಂದೆ. ಮೆಟ್ಟಿಲಿಗೇ ಕಾಫಿಯ ವಾಸನೆ ಬಡಿಯಿತು. ಬಾಗಿಲು ತೆರೆದೇ ಇತ್ತು. ಹಾಲ್‌ನಲ್ಲಿ ಎದುರು ಮನೆಯ ಹಿರಿಯಮ್ಮ ಜೋಶಿ ಕಾಕೂ, ಅವರ ಸೊಸೆ, ಮೇಲಿನ ಮನೆಯ ಇಬ್ಬರು ಹೆಂಗಸರು ಕಾಲು ಚಾಚಿ ಕೂತಿದ್ದರು, ಕೈಯಲ್ಲಿ ಒಂದೊಂದು ಲೋಟ. ನನ್ನನ್ನು ಕಂಡ ಜೋಶಿ ಕಾಕೂ ಎದ್ದುನಿಂತು, ನಾಲ್ಕು ತಿಂಗಳಿಂದ ಈ ಹೊತ್ತಿಗೆ ಈ ಕಾಫಿ ಕುಡಿಯದಿದ್ದರೆ ತಮಗೆ ಹೊತ್ತೇ ಹೋಗುವುದಿಲ್ಲವೆಂದೂ, ಇಂಥ ಯಂತ್ರ ತಂದುಕೊಟ್ಟ ಗಂಡ ಎಲ್ಲರಿಗೂ ಸಿಗಬೇಕೆಂದೂ ಮರಾಠಿಯಲ್ಲಿ ಹೊಗಳಿದರು. ನಾನು ನಕ್ಕು ಒಳಗೆ ಹೋದೆ. ಸುಮಿತ್ರಾ ಯಂತ್ರದ ಮುಂದೆ ನಿಂತಿದ್ದಳು. ತನ್ನ ಹಳೇ ಫಿಲ್ಟರಿನ ಕಡ್ಡಿ ಇರುವ ತೂತಿನ ಬಿಲ್ಲೆಯಿಂದ ಪುಡಿಯನ್ನು ಒತ್ತುತ್ತಿದ್ದಳು, ಹಾಲು ಒಂದು ಸಾದಾ ಸ್ಟೀಲ್ ಲೋಟದಲ್ಲಿತ್ತು, ಚರಟ ಕುಟ್ಟಲು ನಿಂಬೆಹಣ್ಣಿನ ಉಪ್ಪಿನಕಾಯಿಯ ಹಳೇ ಡಬ್ಬ. ಥರ್ಮಾಮೀಟರಿನ ಬದಲು ಅಂಗೈ. ನಾನು ಒಂದು ಗುಟುಕು ಕುಡಿದೆ. ಚಹಾದ ಮನೆತನದವನಾದರೂ ಹೇಳುತ್ತೇನೆ, ಅದರಲ್ಲಿ ಕೆಂಪು ಬಣ್ಣ ಬಳಿಯುವಂಥದ್ದು ಏನೂ ಇರಲಿಲ್ಲ.

ಹೆಂಗಸರು ಹೋದಮೇಲೆ ಸಿಟ್ಟು, ನಾಚಿಕೆ ಎರಡೂ ಸೇರಿ, "ಮತ್ತ ಇನ್ನೇನು? ನಿನ್ನ ಕಾಫಿ ನಿನಗ ಸಿಕ್ತಲ್ಲ. ನನ್ನ ಮಾತು ಅಲ್ಲಿಗೆ ಮುಗೀತು" ಎಂದೆ. ಅವಳು ಲೋಟ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ಮಾಡ್ಕೊಳ್ಳೋಕೆ ನಂಗೆ ಬರಲ್ವೇನ್ರೀ? ಇಷ್ಟು ವರ್ಷ ಮಾಡ್ಕೊಂಡೇ ಕುಡಿದಿದ್ದೀನಿ. ನಾನು ಕೇಳಿದ್ದು ಕಾಫಿನಲ್ಲ. ಮಾಡಿ ಕೈಗೆ ಕೊಡೋರನ್ನ" ಎಂದಳು. ಈ ಸಲ ನಗಲಿಲ್ಲ. ಐದು ತಿಂಗಳು ನಾನು ಬಟ್ಟಲು ಅಳೆದೆ, ಕೊಕ್ಕು ಅಳೆದೆ, ಬೀಜ ತೂಗಿದೆ; ಅವಳು ಕೇಳಿದ್ದನ್ನು ಮಾತ್ರ ಒಮ್ಮೆಯೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ನನಗೆ ನನ್ನ ಮೇಲೇ ಬಹಳ ಬೇಸರವಾಯಿತು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದೆ. ಬ್ರಷ್ಷಿಲ್ಲದೆಯೇ ಯಂತ್ರ ಹಚ್ಚಿದೆ. ಪುಡಿ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು, ಹಾಲು ಹಾರಿ ಗೋಡೆಯ ಕ್ಯಾಲೆಂಡರಿಗೆ ಅಭಿಷೇಕವಾಯಿತು, ಕಾಫಿ ಮಾತ್ರ ಹನಿಹನಿಯಾಗಿ ತನ್ನದೇ ಹೊತ್ತಿಗೆ ಇಳಿಯಿತು. ಹಾಸಿಗೆಯ ಹತ್ತಿರ ಹೋಗಿ ಲೋಟವನ್ನು ಅವಳ ಕೈಗೆ ಕೊಟ್ಟೆ. ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕೊನೆಯ ಹನಿಯವರೆಗೂ ಕುಡಿದಳು. "ಚೆನ್ನಾಗಿದೆ ರೀ" ಎಂದಳು. ಅಡಿಗೆಮನೆಗೆ ಬಂದು ಜಗ್ಗಿನಲ್ಲಿ ಬೆರೆಸಿ ಉಳಿದಿದ್ದ ಕಾಫಿಯನ್ನು ನಾನು ನಾಲಿಗೆಗೆ ಹಚ್ಚಿದೆ. ಸುಟ್ಟ ಹಗ್ಗ ನೆಕ್ಕಿದಂತಿತ್ತು.

ಹಾಳು ಮಾಲನ್ನು ಕಣ್ಣು ಮುಚ್ಚಿ ಪಾಸು ಮಾಡುವ ಇನ್ಸ್‌ಪೆಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥವರಿಗೆ ಮಾಲಿನ ಗುಣ ಮುಖ್ಯವಲ್ಲ, ಅದು ತಪ್ಪದೆ ಬರುತ್ತಿರಬೇಕು, ಅಷ್ಟೇ. ಆದರೂ ನನ್ನ ಹೆಂಡತಿ ಆ ಜಾತಿಯವಳಲ್ಲ, ಪ್ರೀತಿಯಿಂದ ಹೇಳಿದಳು ಎಂದುಕೊಂಡು ಆ ದಿನವೆಲ್ಲ ಕಾರ್ಖಾನೆಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಮರುದಿನ ಗುರುವಾರ, ರಜೆ. ಬೆಳಗಾಗಿ ಬಹಳ ಹೊತ್ತಾದರೂ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ, ನನ್ನ ಚಹಾದ ಸುಳಿವಿಲ್ಲ. ತಿರುಗಿ ನೋಡಿದರೆ ಸುಮಿತ್ರಾ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗಿದ್ದಳು. ಕಣ್ಣು ತೆರೆಯದೆಯೇ ಕೇಳಿದಳು:

"ರೀ, ಕಾಫಿ ಆಯ್ತಾ?"