ಕುರ್ಚಿ, ಕಿಟಕಿ, ಕಾಫಿ

ಆರ್ವಿಡ್ ಹಾಪಲನ ತಲೆ ಕೆಡಿಸಿದ್ದು ಒಂದು ರಟ್ಟು, ಒಂದು ಕತ್ತರಿ ಮತ್ತು ಅರ್ಧ ಬಾಟಲಿ ಅಂಟು.

ಹತ್ತೊಂಬತ್ತು ವರ್ಷಗಳಿಂದ ಅವನು ಊರಿನ ಬೆಳಗಿನ ಐದು ಗಂಟೆಯ ಬಸ್ಸು ಓಡಿಸುತ್ತಿದ್ದ. ಮಿಶಿಗನ್ನಿನ ಆ ಉತ್ತರದ ಮೂಲೆಯಲ್ಲಿ ನವೆಂಬರಿನ ಐದು ಗಂಟೆಗೆ ನಾಯಿಯೂ ಬಾಗಿಲ ಹೊರಗೆ ಮೂತಿ ಇಡುವುದಿಲ್ಲ. ಈಗ ಡಿಪೋ ಮ್ಯಾನೇಜರ್ ನಿವೃತ್ತನಾಗಿದ್ದ. ಆ ಜಾಗ ಸಿಕ್ಕರೆ ಎಂಟಕ್ಕೆ ಬಂದರೆ ಸಾಕು. ಆರ್ವಿಡನ ಮಹತ್ವಾಕಾಂಕ್ಷೆ ಅಷ್ಟೇ: ಬೆಳಗಾಗುವವರೆಗೆ ನಿದ್ದೆ.

ಡಿಪೋದ ಫೋನು ನೋಡಿಕೊಳ್ಳುವ ಡೋರೀನ್ ಲೈಬ್ರರಿಯ ಶಿಬಿರವೊಂದಕ್ಕೆ ಹೋಗಿಬಂದು, ಬೇಕಾದ್ದರ ಚಿತ್ರ ಅಂಟಿಸಿ ನಂಬಿಕೆಯಿಂದ ದಿನಾ ನೋಡಿದರೆ ಅದು ನಡೆದೇ ತೀರುತ್ತದೆ ಎಂದು ಹೇಳಿಕೊಟ್ಟಿದ್ದಳು. ಅವನು ಒಂದು ಮೆತ್ತನೆಯ ಕುರ್ಚಿ, ಎದುರಿಗೊಂದು ದೊಡ್ಡ ಕಿಟಕಿ, ಪಕ್ಕದಲ್ಲಿ ಬಿಸಿ ಕಾಫಿಯ ಲೋಟ ಅಂಟಿಸಿ, ರಟ್ಟನ್ನು ಗ್ಯಾರೇಜಿನಲ್ಲಿ ನೇತುಹಾಕಿ ಮೂರು ವಾರ ದಿಟ್ಟಿಸಿದ.

ನವೆಂಬರ್ ಹದಿನಾಲ್ಕರ ಸಂಜೆ ನಾಲ್ಕಕ್ಕೆ ಬಸ್ ಮಂಡಳಿ ಹೊಸ ಮ್ಯಾನೇಜರನ ಹೆಸರು ಹೇಳುವುದಿತ್ತು. ಬೆಳಗಿನ ಬಸ್ಸು ಮುಗಿಸಿ ಬಂದ ಅವನನ್ನು ಡೋರೀನ್ ಪಕ್ಕಕ್ಕೆ ಕರೆದಳು.

"ನೋಡಿದ್ರೆ ಮಾತ್ರ ಸಾಲ್ದು. ಇವತ್ತೆಲ್ಲ ಕೆಲಸ ಸಿಕ್ಕೇಬಿಟ್ಟಿದೆ ಅನ್ನೋ ಹಾಗೆ ಇರ್ಬೇಕು. ಯಾರೇನೇ ಕೇಳಿದ್ರೂ ಇಲ್ಲ ಅನ್ಬೇಡ. ಒಂದ್ಸಲ ಅಂದ್ರೂ ಮೂರು ವಾರದ್ದು ನೀರಲ್ಲಿ ಹೋಮ."

ಆರ್ವಿಡ್ ತನ್ನ ಟ್ರಕ್ಕನ್ನು ಮ್ಯಾನೇಜರನ ಜಾಗದಲ್ಲಿ ನಿಲ್ಲಿಸಿದ. ಸಾವಿನ ಮನೆಗೆ ಮಾತ್ರ ಕಟ್ಟುತ್ತಿದ್ದ ಟೈ ಕಟ್ಟಿ, ಮ್ಯಾನೇಜರನ ಖಾಲಿ ಕುರ್ಚಿಯಲ್ಲಿ ಹೋಗಿ ಕೂತ.

ಮೊದಲು ಬಂದವನು ಡ್ರೈವರ್ ರೇ. ಟೈ ನೋಡಿ ಬಾಗಿಲಲ್ಲೇ ನಿಂತ. "ಏನಪ್ಪಾ, ಆಗೋಯ್ತಾ ನಿಂದು?"

ಇಲ್ಲ ಅನ್ನುವ ಹಾಗಿಲ್ಲವಲ್ಲ. "ಆಯ್ತು ಅಂತಾನೇ ಇಟ್ಕೊ," ಎಂದ ಆರ್ವಿಡ್.

ರೇ ತಕ್ಷಣ ಜೇಬಿನಿಂದ ರಜೆ ಚೀಟಿ ತೆಗೆದ. ಮರುದಿನವೇ ಜಿಂಕೆ ಬೇಟೆ ಶುರು. ಆ ಊರಿನಲ್ಲಿ ಕ್ರಿಸ್‌ಮಸ್ ತಪ್ಪಿಸಿಕೊಂಡವನಿಗೆ ಕ್ಷಮೆಯುಂಟು, ಬೇಟೆಯ ಮೊದಲ ದಿನ ತಪ್ಪಿಸಿಕೊಂಡವನಿಗೆ ಇಲ್ಲ. ಊರಿಗಿದ್ದದ್ದು ಎರಡು ಬಸ್ಸು, ಆರ್ವಿಡನೂ ಸೇರಿ ಐವರು ಡ್ರೈವರುಗಳು. ಬೇಟೆಗೆ ಹೋಗದವನು ಅವನೊಬ್ಬನೇ. ಉಳಿದ ನಾಲ್ವರ ಹೆಸರು ಟೋಪಿಗೆ ಹಾಕಿ ಮ್ಯಾನೇಜರ್ ಒಂದನ್ನು ಎತ್ತುವುದು, ಆ ಒಬ್ಬನಿಗೆ ರಜೆ ಕೊಡುವುದು ಪದ್ಧತಿ.

"ಏಳು ವರ್ಷದಿಂದ ನನ್ ಹೆಸರು ಬಂದಿಲ್ಲ ಕಣೋ," ಎಂದ ರೇ. "ಟೋಪಿ ಒಳಗೆ ನನ್ ಚೀಟಿ ಹಾಕ್ತಾರೋ ಇಲ್ವೋ ಅಂತಾನೇ ನಂಗೆ ಅನುಮಾನ."

ಆರ್ವಿಡ್ ಸಹಿ ಹಾಕಿದ. ಅರ್ಧ ಗಂಟೆಯಲ್ಲಿ ಸುದ್ದಿ ಹಬ್ಬಿತು. ಒಬ್ಬ ಡ್ರೈವರ್ ತನ್ನ ಅತ್ತೆ ಮಾಡಿದ, ಮಾಂಸ ತುಂಬಿದ ಕಡುಬಿನಂಥ ಬಿಸಿ ಪ್ಯಾಸ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದ. ಇನ್ನೊಬ್ಬ ಜಿಂಕೆ ಬಿದ್ದರೆ ಒಂದು ತೊಡೆ ನಿನಗೇ ಎಂದು ಮಾತು ಕೊಟ್ಟ. ನಾಲ್ಕನೆಯ ಡ್ರೈವರ್, ಊರಿನಲ್ಲೇ ಗುರಿ ತಪ್ಪದ ಬೇಟೆಗಾತಿ ಬರ್ನಿಸ್ ಬರಿಗೈಲಿ ಬಂದು, ರೇಗೆ ರಜೆ ಕೊಟ್ಟು ತನಗೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಎಂದಷ್ಟೇ ಹೇಳಿದಳು. ಮೂವರಿಗೂ ಸಹಿ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಆರ್ವಿಡನಿಗೆ ಭಯವಾಯಿತು. ನಿಜ ಹೇಳಿಬಿಡೋಣ ಎಂದು ಎದ್ದ. ಡೋರೀನ್ ಕಣ್ಣು ಬಿಟ್ಟಳು, ಮತ್ತೆ ಕೂತ. ಮೂರಕ್ಕೆ ಕೊನೆಯ ಬಸ್ಸು ಬಂತು. ನಾಲ್ಕು ಟ್ರಕ್ಕುಗಳು ಬಂದೂಕು, ಹಾಸಿಗೆ, ಬಿಯರ್ ಹೇರಿಕೊಂಡು, ಫೋನು ಹತ್ತದ ಕಾಡಿಗೆ ಹೊರಟುಹೋದವು.

ನಾಲ್ಕಕ್ಕೆ ಮಂಡಳಿಯ ಅಧ್ಯಕ್ಷೆ ಶ್ರೀಮತಿ ನ್ಯಾನ್ಕರ್ವಿಸ್ ಬೂಟಿನ ಹಿಮ ಝಾಡಿಸುತ್ತ ಒಳಗೆ ಬಂದರು. ಆರ್ವಿಡ್ ಕುರ್ಚಿಯಿಂದ ನೆಗೆದು ಟೈ ಬಿಚ್ಚತೊಡಗಿದ.

"ಇರ್ಲಿ ಬಿಡಪ್ಪ, ಬಿಚ್ಬೇಡ," ಎಂದರು ಅವರು. "ಮಧ್ಯಾಹ್ನ ಡ್ರೈವರುಗಳಿಗೆಲ್ಲ ಫೋನ್ ಮಾಡಿ, ಯಾರಾಗ್ಬೇಕು ಅಂತ ಕೇಳ್ದೆ. ನಾಲ್ಕೂ ಜನ ನಿನ್ನ ಹೆಸರೇ ಹೇಳಿದ್ರು. ಇವರು ಒಂದು ಮಾತಿಗೆ ಒಪ್ಪಿದ್ದು ನಾನು ಈ ಜನ್ಮದಲ್ಲಿ ಕಂಡಿರ್ಲಿಲ್ಲ."

ಸಹಿಗೆ ಬೆಲೆ ಬರಬೇಕಾದರೆ ಸಹಿ ಹಾಕಿದವನು ಮ್ಯಾನೇಜರ್ ಆಗಲೇಬೇಕೆಂಬುದು ಆ ಫೋನು ಬಂದಾಗಲೇ ನಾಲ್ವರಿಗೂ ಹೊಳೆದಿತ್ತು. ಆರ್ವಿಡನಿಗೆ ಅದು ಹೊಳೆಯಲಿಲ್ಲ. ಅವನಿಗೆ ಗ್ಯಾರೇಜಿನ ರಟ್ಟು ನೆನಪಾಗಿ ಕಣ್ಣು ತುಂಬಿ ಬಂತು.

"ಅಂದ ಹಾಗೆ, ನಾಳೆ ರಜೆಗೆ ಟೋಪಿಯಲ್ಲಿ ಯಾರ ಹೆಸರು ಬಂತು?" ಎಂದು ಅಧ್ಯಕ್ಷೆ ಕೇಳಿದರು.

ಅವನು ಮೆಲ್ಲಗೆ ನಾಲ್ಕೂ ಚೀಟಿ ಮುಂದೆ ತಳ್ಳಿದ. ಅವರು ಕನ್ನಡಕ ಏರಿಸಿ ಓದಿದರು. ಡ್ರೈವರಿಲ್ಲದ ಬಸ್ಸನ್ನು ರಜೆ ಕೊಟ್ಟ ಮ್ಯಾನೇಜರೇ ಓಡಿಸಬೇಕೆಂಬ ಹಳೇ ನಿಯಮ ನೆನಪಿಸಿ, ಎರಡು ಬಸ್ಸಿನ ದಾರಿಯನ್ನೂ ಒಂದರಲ್ಲೇ ಸುತ್ತಿಬಿಡು ಎಂದರು. ಬೆಳಗಿನ ಐದರ ಬಸ್ಸನ್ನೇ ನಂಬಿದ್ದ ಆಸ್ಪತ್ರೆಯ ನರ್ಸುಗಳಿಗೆ ಬೇರೆ ಗತಿಯಿರಲಿಲ್ಲ.

"ಒಂದು ದಿನ ತಾನೆ," ಎಂದ ಆರ್ವಿಡ್.

"ಇದ್ರಲ್ಲಿ ಹದಿನಾರು ದಿನ ಅಂತ ಬರೆದಿದಾರಲ್ಲಪ್ಪ. ಬೇಟೆ ಮುಗಿಯೋವರೆಗೂ."

ಆರ್ವಿಡ್ ಸಹಿ ಹಾಕುವ ಜಾಗ ಮಾತ್ರ ನೋಡಿದ್ದ.

ಮರುದಿನ ಬೆಳಿಗ್ಗೆ ಐದಕ್ಕೆ ಮೊದಲ ಪ್ರಯಾಣಿಕಳಾಗಿ ಹತ್ತಿದ ಡೋರೀನ್ ಅವನ ಪಕ್ಕದಲ್ಲಿ ಬಿಸಿ ಕಾಫಿಯ ಲೋಟ ಇಟ್ಟಳು. ಡ್ರೈವರನ ಸೀಟನ್ನೂ ಎದುರಿನ ಅಗಲ ಗಾಜನ್ನೂ ನೋಡಿ ಅವಳ ಮುಖ ಅರಳಿತು.

"ನೋಡ್ದ್ಯಾ? ಕುರ್ಚಿ, ಕಿಟಕಿ, ಕಾಫಿ. ಅಂಟಿಸಿದ್ದು ಒಂದೂ ಬಿಡದೆ ಬಂತು."

ಮ್ಯಾನೇಜರ್ ಆರ್ವಿಡ್ ಹಾಪಲ ಗಾಜಿನ ಮೇಲಿನ ಹಿಮ ಒರೆಸಲು ವೈಪರ್ ಹಾಕಿದ.

"ಗಡಿಯಾರ ಅಂಟಿಸ್ಬೇಕಿತ್ತು," ಎಂದ.