ಮಾದಪ್ಪನ ಗಂಟಲಿಗೆ ಬಂದ ಕ್ರಿಮಿ

ಹುಲ್ಲಹಳ್ಳಿಯಲ್ಲಿ ಹಾಲು ಕರೆಯುವ ಸ್ಪರ್ಧೆ ಇದ್ದ ದಿನ ಬೆಳಿಗ್ಗೆ ಮಾದಪ್ಪ ಎದ್ದವನೇ ಹೆಂಡತಿಯನ್ನು ಕೂಗಿದ. ಬಾಯಿ ತೆರೆಯಿತೇ ಹೊರತು ದನಿ ಹೊರಗೆ ಬರಲಿಲ್ಲ. ಉಗುಳು ನುಂಗಿದರೆ ಜಾಲಿಮುಳ್ಳು ಇಳಿದಷ್ಟು ನೋವು, ಮೈ ಮುಟ್ಟಿದರೆ ಕೆಂಡ.

ಬೇರೆ ಯಾರ ಗಂಟಲು ಕಟ್ಟಿದ್ದರೂ ಊರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಾದಪ್ಪನ ಹಸು ಚಂದ್ರಿ ಅವನ ಹಾಡು ಕೇಳಿದರೆ ಮಾತ್ರ ಹಾಲು ಇಳಿಸುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದೆ ಏನು, ಆರು ವರ್ಷದಿಂದ ಮಾದಪ್ಪನೇ ಅದನ್ನು ಮನೆಮನೆಗೆ ಹೇಳಿಕೊಂಡು ಬಂದಿದ್ದ. ಹೋದ ವರ್ಷದ ಸ್ಪರ್ಧೆಯಲ್ಲಿ ಬದನವಾಳಿನವರ ಹಸುವಿನ ಮುಂದೆ ಅರ್ಧ ಲೀಟರಿನಲ್ಲಿ ಸೋತಾಗಲೂ, ಮೈಕಿನ ಗದ್ದಲದಲ್ಲಿ ತನ್ನ ರಾಗ ಚಂದ್ರಿಯ ಕಿವಿಗೆ ಬೀಳಲಿಲ್ಲವೆಂದು ವಾದಿಸಿದ್ದ. ಈ ಸಲವೂ ಸೋತರೆ ಡೇರಿಯ ಮುಂದೆ ತಲೆಯೆತ್ತಿ ನಿಲ್ಲುವ ಹಾಗಿರಲಿಲ್ಲ.

ಸುದ್ದಿ ಕೇಳಿ ಮೊದಲು ಬಂದವನು ಪಕ್ಕದ ಮನೆಯ ಮಾರಯ್ಯ. ಕೇಳದೆಯೇ ಸುಣ್ಣ ಬೆಲ್ಲ ಕಲಸಿ ಮಾದಪ್ಪನ ಕತ್ತಿನ ಸುತ್ತ ಮೆತ್ತಿದ. ಹಿಂದೆಯೇ ಎದುರು ಮನೆಯವರು ಮೆಣಸಿನ ಕಷಾಯ ತಂದರು. ಅದನ್ನು ಕುಡಿದು ಮುಗಿಸುವ ಮೊದಲೇ ಇನ್ನೊಬ್ಬರ ಮನೆಯಿಂದ ಇನ್ನೊಂದು ಕಷಾಯ ಬಂತು. ಬೇಡವೆನ್ನಲು ಅವನಿಗೆ ದನಿಯಿರಲಿಲ್ಲ. ತಲೆ ಅಲ್ಲಾಡಿಸಿದ್ದನ್ನು ಅವರು ಇನ್ನೊಂದು ಲೋಟ ಎಂದು ತಿಳಿದುಕೊಂಡರು. ಒಂಬತ್ತು ಗಂಟೆಯ ಹೊತ್ತಿಗೆ ಸುಣ್ಣ ಒಣಗಿ, ಕತ್ತು ತಿರುಗಿಸಬೇಕೆಂದರೆ ಇಡೀ ಮೈ ತಿರುಗಿಸಬೇಕಾಯಿತು. ಕೊನೆಗೆ ಹೆಂಡತಿ ಸಾಕಮ್ಮ ಅವನನ್ನು ಎಬ್ಬಿಸಿಕೊಂಡು ಹುಲ್ಲಹಳ್ಳಿಯ ಡಾಕ್ಟರ ಹತ್ತಿರ ಹೊರಟಳು.

ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಟಾನ್ಸಿಲ್ ಮೇಲೆಲ್ಲ ಬಿಳೀ ಕೀವು ಕಟ್ಟಿದೆ ಎಂದರು.

"ಸ್ಟ್ರೆಪ್ಟೊಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ. ಇವತ್ತು ಇಂಜೆಕ್ಷನ್ ಕೊಡ್ತೀನಿ, ಆಮೇಲೆ ಹತ್ತು ದಿನ ಮಾತ್ರೆ. ನೋವು ಹೋಯ್ತು ಅಂತ ಮಧ್ಯದಲ್ಲಿ ಬಿಟ್ಟರೆ ಕೀಲಿಗೆ, ಹೃದಯಕ್ಕೆ ತೊಂದರೆ ಆಗುತ್ತೆ. ಲೋಟ ಬೇರೆ ಇಟ್ಕೊಳ್ಳಿ. ಸಂಜೆ ಬಂದು ಇನ್ನೊಂದ್ಸಲ ತೋರಿಸಿ."

ಅಷ್ಟು ಉದ್ದದ ಹೆಸರಿನ ಕಾಯಿಲೆ ತನಗೆ ಬಂದದ್ದಕ್ಕೆ ಮಾದಪ್ಪನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ನಾಲ್ಕು ಗಂಟೆಯ ಸ್ಪರ್ಧೆಯಲ್ಲಿ ಹಾಡಬಹುದೇ ಎಂದು ಬಾಯಿ ಅಗಲಿಸಿ, ಕೈಯೆತ್ತಿ ಸನ್ನೆಯಲ್ಲಿ ಕೇಳಿದ. ಡಾಕ್ಟರು ವಾಂತಿಗೂ ಒಂದು ಮಾತ್ರೆ ಬರೆದುಕೊಟ್ಟರು.

ಮೈದಾನದಲ್ಲಿ ಊರಿನವರೆಲ್ಲ ನೆರೆದಿದ್ದರು. ಕರೆಯಲು ಇಪ್ಪತ್ತು ನಿಮಿಷದ ಗಡುವು. ಡೇರಿಯ ಸಿದ್ದಯ್ಯ ಎಲ್ಲಕ್ಕೂ ಸಿದ್ಧನಾಗಿ ಬಂದಿದ್ದ. ಯಾರದೋ ಮದುವೆಯಲ್ಲಿ ಮಾದಪ್ಪ ಹಾಡಿದ್ದ ಕ್ಯಾಸೆಟ್ಟನ್ನು ಹುಡುಕಿ, ಟೇಪ್ ರೆಕಾರ್ಡರಿನ ಸಮೇತ ತಂದು ಚಂದ್ರಿಯ ಕಿವಿಯ ಹತ್ತಿರ ಹಿಡಿದ. ಮೊದಲ ಸಾಲು ಮುಗಿಯುವುದರೊಳಗೆ ಚಂದ್ರಿ ಒದ್ದಳು, ಬಕೆಟ್ಟು ಉರುಳಿತು. ಕ್ಯಾಸೆಟ್ಟು ಸರಿಯಿಲ್ಲವೆಂದು ಮಾರಯ್ಯ ತಾನೇ ಮಾದಪ್ಪನ ದನಿ ಅನುಕರಿಸಿ ಶುರುಮಾಡಿದ. ಚಂದ್ರಿ ಬಾಲ ಬೀಸಿ ಅವನ ಮುಖಕ್ಕೆ ಸರಿಯಾಗಿ ಬಾರಿಸಿದಳು. ತೀರ್ಪುಗಾರರಾಗಿ ಬಂದಿದ್ದ ಪಶುವೈದ್ಯರು ಇಬ್ಬರನ್ನೂ ಹಗ್ಗದಿಂದಾಚೆ ಕಳಿಸಿದರು.

ಹತ್ತು ನಿಮಿಷ ಉಳಿದಿತ್ತು. ಮಾದಪ್ಪನಿಗೆ ಅಳು ಬಂತು, ಅತ್ತರೂ ಗಂಟಲು ನೋಯಿತು. ಸುಣ್ಣದ ಕತ್ತನ್ನು ಚಂದ್ರಿಯ ಹೊಟ್ಟೆಗೆ ಆನಿಸಿ, ತುಟಿಪಿಟಕ್ಕೆನ್ನದೆ ಕೆಚ್ಚಲಿಗೆ ಕೈಹಾಕಿದ.

ಚಂದ್ರಿ ಒಂದು ನಿಟ್ಟುಸಿರು ಬಿಟ್ಟಳು, ಹಾಲು ಇಳಿಯಿತು. ಬಕೆಟ್ಟು ತುಂಬಿತು, ಇನ್ನೊಂದನ್ನು ತರಿಸಬೇಕಾಯಿತು. ಮನೆಯಲ್ಲಿ ಹೊತ್ತಿಗೆ ಹನ್ನೆರಡು ಲೀಟರು ದಾಟದವಳು ಹದಿನೆಂಟು ಕೊಟ್ಟು, ಬದನವಾಳಿನವರ ಹಸುವನ್ನು ಬಹಳ ಹಿಂದೆ ಹಾಕಿದಳು.

ಪಶುವೈದ್ಯರು ಬಹುಮಾನದ ಸ್ಟೀಲ್ ಕ್ಯಾನನ್ನು ಕೈಗಿಟ್ಟು, ಹಸುವಿಗೆ ಏನು ಹಾಕುತ್ತೀರಿ, ಹೇಗೆ ಸಾಕುತ್ತೀರಿ ಎಂದು ವಿಚಾರಿಸಿದರು. ಮಾದಪ್ಪ ಕ್ಯಾನು ಹಿಡಿದುಕೊಂಡೇ ತನ್ನ ಗಂಟಲು ತೋರಿಸಿದ. ಸಿದ್ದಯ್ಯ ಮುಂದೆ ಬಂದ.

"ಹಾಕೋದೆಲ್ಲ ದಿನಾ ಹಾಕೋದೇ ಸಾ. ಇವತ್ತು ಇವ್ನು ಹಾಡು ಯೋಳ್ನಿಲ್ಲ, ಅಷ್ಟೇಯ."

ಅಷ್ಟು ಜನರಲ್ಲಿ ಒಬ್ಬನೂ ನಗಲಿಲ್ಲ. ಮಾದಪ್ಪನಿಗೆ ನಿಜಕ್ಕೂ ನೋವಾದದ್ದು ಅದಕ್ಕೆ. ನಕ್ಕಿದ್ದರೆ ಜಗಳವಾಡಬಹುದಿತ್ತು. ಎಲ್ಲರೂ ಚಂದ್ರಿಯನ್ನೇ ನೋಡುತ್ತಿದ್ದರು, ಆರು ವರ್ಷ ಎರಡು ಹೊತ್ತೂ ಅವಳು ಪಟ್ಟ ಪಾಡು ಈಗ ಅರ್ಥವಾದವರಂತೆ. ಮಾರಯ್ಯನಂತೂ ಹೋಗಿ ಅವಳ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿ ಬಂದ.

ಹೇಳಿದಂತೆ ಸಂಜೆ ಮತ್ತೆ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕೈಹಿಡಿದು ನೋಡಿ, ಜ್ವರ ಇಳಿಯುತ್ತಿದೆ, ಹೆದರಬೇಡಿ, ಮೂರು ದಿನದಲ್ಲಿ ದನಿ ಮೊದಲಿನಂತಾಗುತ್ತದೆ ಎಂದರು. ಬಹುಮಾನದ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸಾಕಮ್ಮನ ಮುಖ ಬಾಡಿತು. ಒಂದು ಗಳಿಗೆ ಗಂಡನನ್ನು ನೋಡಿ, ಕುರ್ಚಿಯನ್ನು ಡಾಕ್ಟರ ಕಡೆಗೆ ಎಳೆದುಕೊಂಡಳು.

"ಸಾ, ಜರ ಓಗ್ಲಿ, ನೋವೂ ಓಗ್ಲಿ. ದನಿ ಮಾತ್ರ ಇಂಗೇ ಇರಕ್ಕೆ ಯಾವ್ದಾರ ಮಾತ್ರೆ ಅದಾ?"